ಪೆನ್ಶನ್ ಲೆಕ್ಕ ಹಾಕಿಕೊಡುವ ಅಂಗಡಿ: ಲೆಕ್ಕಕ್ಕೆ ಹೋಗಿ, ಕೇಸಿಗೆ ಬೇಡ

ನಮ್ಮ ತಾಲೂಕು ಕಚೇರಿಯ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಸಾಲು ಅಂಗಡಿಗಳಿವೆ. ಜೆರಾಕ್ಸ್, ಇ-ಸ್ಟಾಂಪ್, ಪಹಣಿ ತೆಗೆಸಿಕೊಡುವವರು, ಅರ್ಜಿ ಬರೆಯುವವರು. ಸಾಲಿನ ಕೊನೆಯ ಕೋಣೆಯಲ್ಲಿ ಒಬ್ಬರು ಪೆನ್ಶನ್ ಕೆಲಸ ಮಾತ್ರ ಮಾಡುತ್ತಾರೆ. ಸರ್ಕಾರಿ ಲೆಕ್ಕಪತ್ರ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ಅಂಗಡಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ. ಇಂಥ ಅಂಗಡಿಗಳು ಈಗ ಬೇಕಾದಷ್ಟು ಊರುಗಳಲ್ಲಿ ಇವೆ. ಹೋಗುವ ಮೊದಲು ಏನು ಕೇಳಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಅಂತ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿ, ಗ್ರೇಡ್-1. 1991ರಲ್ಲಿ ಸೇರಿದೆ, 2023ರ ಜೂನ್ 30ಕ್ಕೆ ನಿವೃತ್ತಿ. ಈ ಒಂದು ತಾರೀಖಿನಲ್ಲೇ ಎರಡು ಜಗಳ ಕೂತಿವೆ, ಮುಂದೆ ಹೇಳುತ್ತೇನೆ. ಮನೆ ಕಂದಾಯ, ನೀರಿನ ಕರ, 15ನೇ ಹಣಕಾಸಿನ ಬಿಲ್ಲು ಅಂತ ಜೀವನವಿಡೀ ಲೆಕ್ಕ ಬರೆದವಳು ನಾನು. ಆದರೂ ನನ್ನ ಪೆನ್ಶನ್ ಆದೇಶ ಕೈಗೆ ಬಂದಾಗ ಅದರಲ್ಲಿನ ಅಂಕಿಗಳು ಎಲ್ಲಿಂದ ಬಂದವು ಅಂತ ಹೇಳುವವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಕೇಸ್ ವರ್ಕರ್ ಹುಡುಗ, ಪಾಪ, ಹೊಸಬ. "ಮೇಡಂ, ಎಜಿ ಆಫೀಸಿಂದ ಬಂದಿದ್ದು" ಅಂದ. ಬೆಂಗಳೂರಿನ ಮಹಾಲೇಖಪಾಲರ ಕಚೇರಿ ಪೆನ್ಶನ್ ಮಂಜೂರು ಮಾಡುತ್ತದೆ, ನಿಜ. ಆದರೆ ಅವರು ಲೆಕ್ಕ ಹಾಕುವುದು ನಮ್ಮ ಕಚೇರಿ ಕಳಿಸಿದ ಸೇವಾ ಪುಸ್ತಕದ ಮೇಲೇ ಅಲ್ವಾ? ಇಲ್ಲಿ ತಪ್ಪು ಬರೆದು ಕಳಿಸಿದರೆ ಅಲ್ಲಿ ಅದೇ ತಪ್ಪಿಗೆ ಮೊಹರು ಬೀಳುತ್ತದೆ.

ಅಂಗಡಿಯವರು ಮೊದಲು ಕೇಳುವುದೇ ಸೇವಾ ಪುಸ್ತಕದ ಪೂರ್ತಿ ನಕಲು. ಕೊನೆಯ ಎರಡು ಪುಟ ತಂದವರನ್ನು ವಾಪಸ್ ಕಳಿಸುತ್ತಾರೆ. ಕಚೇರಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಅವರೇ ಟೈಪ್ ಮಾಡಿಕೊಡುತ್ತಾರೆ, ಅದಕ್ಕೆ 100 ರೂಪಾಯಿ. ಸರ್ಕಾರಕ್ಕೆ ಕಟ್ಟುವ 10 ರೂಪಾಯಿ ಶುಲ್ಕ ಬೇರೆ. ನಕಲು ಬಂದ ಮೇಲೆ ಲೆಕ್ಕದ ಹಾಳೆ, 300 ರೂಪಾಯಿ. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಆ ಹಾಳೆಗಾಗಿ.

ಉದ್ದದ ಲೆಡ್ಜರ್ ಕಾಗದ, ಪೆನ್ಸಿಲ್‌ನಲ್ಲಿ ಬರೆದದ್ದು. ಮೂರು ಕಾಲಂ. ಮೊದಲನೆಯದರಲ್ಲಿ ಕಚೇರಿ ಹಾಕಿದ ಅಂಕಿ. ಎರಡನೆಯದರಲ್ಲಿ ಇವರ ಪ್ರಕಾರ ಬರಬೇಕಾದ ಅಂಕಿ. ಮೂರನೆಯದರಲ್ಲಿ ವ್ಯತ್ಯಾಸ ಇದ್ದಲ್ಲೆಲ್ಲ ಎರಡರಲ್ಲಿ ಒಂದು ಪದ: "ತಪ್ಪು" ಅಥವಾ "ಆದೇಶ". ತಪ್ಪು ಅಂತ ಬರೆದಿದ್ದರೆ ಅದು ಗುಮಾಸ್ತರ ಮಟ್ಟದ್ದು, ಒಂದು ಅರ್ಜಿ, ಒಂದು ದಾಖಲೆ ಕೊಟ್ಟರೆ ಸರಿಯಾಗಬೇಕು. ಆದೇಶ ಅಂತ ಬರೆದಿದ್ದರೆ ಸರ್ಕಾರವೇ ಹಾಗೆ ತೀರ್ಮಾನ ಮಾಡಿದೆ, ಕೌಂಟರಿನಲ್ಲಿ ನಿಂತು ಕೂಗಾಡಿ ಪ್ರಯೋಜನವಿಲ್ಲ. ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಜಗಳದಲ್ಲಿ ಅರ್ಧಕ್ಕರ್ಧ ಈ ಎರಡನ್ನು ಕಲಸಿಹಾಕಿದ್ದರಿಂದ ಹುಟ್ಟಿದ್ದು. ಯಾವನೋ ಗುಮಾಸ್ತ ಮಾಡಿದ ತಪ್ಪಿಗೆ ಮುಖ್ಯಮಂತ್ರಿಗೆ ಮನವಿ ಬರೆಯುತ್ತಾರೆ, ಸಂಪುಟದ ತೀರ್ಮಾನಕ್ಕೆ ಗುಮಾಸ್ತನ ಹತ್ತಿರ ಜಗಳ ತೆಗೆಯುತ್ತಾರೆ.

ನನ್ನ ಹಾಳೆಯಲ್ಲಿ ಒಂದು "ತಪ್ಪು" ಸಿಕ್ಕಿತು. 1990ರ ದಶಕದಲ್ಲಿ ನಾನು ಹೆರಿಗೆ ರಜೆ ಹಾಕಿದ್ದೆ. ಸೇವಾ ಪುಸ್ತಕದಲ್ಲಿ ಯಾರೋ ಪುಣ್ಯಾತ್ಮರು ಬರೀ "ರಜೆ" ಅಂತ ಬರೆದು ಬಿಟ್ಟಿದ್ದರು. ಯಾವ ರಜೆ ಅಂತ ಇಲ್ಲ. ಪೆನ್ಶನ್ ಕಾಗದ ಮಾಡುವಾಗ ಅದನ್ನು ವೇತನರಹಿತ ರಜೆ ಅಂತ ಹಿಡಿದು ಅರ್ಹತಾ ಸೇವೆಯಿಂದ, ಅಂದರೆ ಪೆನ್ಶನ್ ಲೆಕ್ಕಕ್ಕೆ ಬರುವ ಸೇವೆಯಿಂದ, ಕಳೆದಿದ್ದಾರೆ. ನನಗೆ ಗಾಬರಿಯಾಯಿತು. ಇವರು ಪೆನ್ಸಿಲ್ ತುದಿಯಿಂದ ಆ ಸಾಲು ಕುಟ್ಟುತ್ತಾ ಹೇಳಿದರು: "ಇದರಿಂದ ನಿಮ್ಮ ಪೆನ್ಶನ್‌ಗೆ ಒಂದು ಪೈಸೆ ನಷ್ಟ ಇಲ್ಲಮ್ಮ. ನಷ್ಟ ಆಗಿರೋದು ಗ್ರಾಚ್ಯುಟಿಗೆ."

ಹೇಗೆ ಅಂದರೆ, ಪೂರ್ತಿ ಪೆನ್ಶನ್‌ಗೆ ಈಗ 30 ವರ್ಷದ ಅರ್ಹತಾ ಸೇವೆ ಸಾಕು. ಮೊದಲು 33 ಇತ್ತು. ನನ್ನದು 30 ದಾಟಿದೆ, ಹಾಗಾಗಿ ಕೆಲವು ತಿಂಗಳು ಕಳೆದರೂ ಕೊನೆಯ ಮೂಲ ವೇತನದ ಅರ್ಧ ಸಿಕ್ಕೇ ಸಿಗುತ್ತದೆ. ಗ್ರಾಚ್ಯುಟಿ, ಅಂದರೆ ನಿವೃತ್ತಿಯಾದಾಗ ಒಂದೇ ಸಲ ಸಿಗುವ ಹಣ, ಅದರ ಲೆಕ್ಕ ಬೇರೆ. ಪ್ರತಿ ಆರು ತಿಂಗಳ ಸೇವೆಗೆ ಕಾಲು ತಿಂಗಳ ವೇತನ, ಹೆಚ್ಚೆಂದರೆ ಹದಿನಾರೂವರೆ ತಿಂಗಳ ವೇತನ. ಅಲ್ಲಿಗೆ ಮುಟ್ಟಲು 33 ವರ್ಷ ಬೇಕು. ನಾನು ಇನ್ನೂ ಆ ಮಿತಿಯ ಕೆಳಗಿದ್ದೆ, ಹಾಗಾಗಿ ಒಂದು ಅರ್ಧ ವರ್ಷ ಹೋದರೆ ಕಾಲು ತಿಂಗಳ ಸಂಬಳ ಹೋದಂತೆ. ನನ್ನ ಕೊನೆಯ ಮೂಲ ವೇತನ 48,900. ಅದರ ಕಾಲು ಭಾಗ 12,225 ರೂಪಾಯಿ. ದೊಡ್ಡ ಮೊತ್ತವಲ್ಲ, ಸಣ್ಣದೂ ಅಲ್ಲ. ಹೆರಿಗೆ ರಜೆಗೆ ಸಂಬಳ ಕೊಟ್ಟಿದ್ದರು ಅನ್ನುವುದಕ್ಕೆ ಹಳೇ ವೇತನ ಬಟವಾಡೆ ವಹಿ ಹುಡುಕಿಸಿ, ನನ್ನ ಸಹಿ ಇರುವ ಪುಟದ ನಕಲು ಹಚ್ಚಿ ಅರ್ಜಿ ಕೊಟ್ಟೆವು. ಆ ವಹಿಯ ಅರ್ಧ ಪುಟಗಳನ್ನು ಗೆದ್ದಲು ತಿಂದಿತ್ತು, ನನ್ನ ಪುಟ ಉಳಿದಿತ್ತು. ಪರಿಷ್ಕೃತ ಪ್ರಸ್ತಾವನೆ ಹೋಯಿತು, ಹಣ ಬಂತು.

ಇದನ್ನು ಯಾವ ಆನ್‌ಲೈನ್ ಕ್ಯಾಲ್ಕುಲೇಟರೂ ಹಿಡಿಯುವುದಿಲ್ಲ. ಮೊಬೈಲಿನಲ್ಲಿ ಹತ್ತಾರು ಪೆನ್ಶನ್ ಕ್ಯಾಲ್ಕುಲೇಟರ್ ಸಿಗುತ್ತವೆ. ಮೂಲ ವೇತನ, ಸೇವೆ ಹಾಕಿದರೆ ಉತ್ತರ ಉದುರಿಸುತ್ತವೆ. ಆದರೆ ಜಗಳ ಗುಣಾಕಾರದ್ದಲ್ಲವೇ ಅಲ್ಲ. ಎಷ್ಟು ವರ್ಷ ಅಂತ ಹಾಕಬೇಕು, ಯಾವ ಮೂಲ ವೇತನ ಹಾಕಬೇಕು ಅನ್ನುವುದೇ ಜಗಳ.

ಈಗ ಜೂನ್ 30ರ ಕತೆ. ನಮ್ಮಲ್ಲಿ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ನಮ್ಮ ಕಾಲದ ಮೇಷ್ಟ್ರುಗಳು ಶಾಲೆಗೆ ಸೇರಿಸಿಕೊಳ್ಳುವಾಗ ಅರ್ಧ ಊರಿಗೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಮೇ 31 ಬಂತೆಂದರೆ ಕಚೇರಿ ಕಚೇರಿಯಲ್ಲೂ ಹಾರ, ಶಾಲು, ಮೈಸೂರು ಪೇಟ. ನನ್ನ ಮೇಷ್ಟ್ರು ಅದ್ಯಾಕೋ 1963ರ ಜುಲೈ 1 ಅಂತ ಬರೆದರು. ಹಾಗಾಗಿ ಜೂನ್ 30ಕ್ಕೆ ಹೊರಗೆ. ನನ್ನ ವಾರ್ಷಿಕ ಇನ್‌ಕ್ರಿಮೆಂಟ್ ಜುಲೈ 1ಕ್ಕೆ. ಪೂರ್ತಿ ಒಂದು ವರ್ಷ ದುಡಿದು ಗಳಿಸಿದ ಇನ್‌ಕ್ರಿಮೆಂಟ್ ಕೈಗೆ ಬರುವ ದಿನ ನಾನು ನೌಕರಳೇ ಅಲ್ಲ. ಅವರು ಜುಲೈ 2 ಅಂತ ಬರೆದಿದ್ದರೆ ಜುಲೈ 31ರವರೆಗೆ ಇರುತ್ತಿದ್ದೆ, 48,900ರ ಜಾಗದಲ್ಲಿ 50,150 ಆಗುತ್ತಿತ್ತು.

ಈ ಜಗಳವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು ಗೆದ್ದವರು ನಮ್ಮ ರಾಜ್ಯದವರೇ, ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ನೌಕರರು. ಇಲ್ಲಿನ ಹೈಕೋರ್ಟ್ ಅವರ ಪರ ಹೇಳಿತ್ತು, ನಿಗಮ ಮೇಲ್ಮನವಿ ಹೋಯಿತು, 2023ರ ಏಪ್ರಿಲ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನು ವಜಾ ಮಾಡಿತು. ಒಂದು ವರ್ಷ ಒಳ್ಳೆಯ ನಡತೆಯಿಂದ ಕೆಲಸ ಮಾಡಿದ್ದಕ್ಕೆ ಸಿಗುವುದು ಇನ್‌ಕ್ರಿಮೆಂಟ್, ಮರುದಿನ ನಿವೃತ್ತಿ ಅನ್ನುವ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಅಂತ. ಆಮೇಲೆ ದೇಶದ ತುಂಬ ಎಲ್ಲರೂ ಅದೇ ಕೇಳತೊಡಗಿದರು. 2025ರ ಫೆಬ್ರವರಿ 20ರಂದು ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ತಾವೇ ಕೇಸ್ ಹಾಕಿ ಗೆದ್ದವರಿಗೆ ಅವರ ತೀರ್ಪಿನ ಪ್ರಕಾರ, ಕೇಸ್ ಹಾಕದ ಉಳಿದವರಿಗೆ ಹೆಚ್ಚಿನ ಪೆನ್ಶನ್ 2023ರ ಮೇ 1ರಿಂದ ಮಾತ್ರ, ಅದರ ಹಿಂದಿನ ಬಾಕಿ ಇಲ್ಲ.

ಆ ತೀರ್ಪಿನ ಪ್ರತಿ ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ, ಕ್ಯಾಲೆಂಡರ್ ಪಕ್ಕ. ನನಗೆ ಅವರು ಇಷ್ಟವಾದದ್ದು ಇಲ್ಲಿ. ನಾನು ನಿವೃತ್ತಿಯಾದದ್ದೇ ಮೇ 1ರ ನಂತರ. ಆದ್ದರಿಂದ ಮಿತಿಯ ತಲೆಬಿಸಿ ನನಗಿಲ್ಲ, ಸಿಕ್ಕರೆ ಮೊದಲ ದಿನದಿಂದಲೇ ಸಿಗಬೇಕು. ಆದರೆ ನನ್ನ ಹಿಂದೆ ಕೂತಿದ್ದ ಒಬ್ಬರು 2016ರ ಜೂನ್ 30ರವರು. ಏಳು ವರ್ಷದ ಬಾಕಿ ಲೆಕ್ಕ ಹಾಕಿಕೊಂಡು ಬಂದಿದ್ದರು. ಅವರಿಗೆ ಮುಲಾಜಿಲ್ಲದೆ, "ಹಳೇದು ಮರೆತುಬಿಡಿ, ಮೇ 2023ರಿಂದ ಕೇಳಿ" ಅಂದರು. ಆಸೆ ಹುಟ್ಟಿಸಿ ಇನ್ನೊಂದು 300 ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ನನ್ನ ಅರ್ಜಿ ಕಚೇರಿಯಲ್ಲಿ ಇದೆ, ಉತ್ತರ ಇನ್ನೂ ಇಲ್ಲ. ಹಾಳೆಯಲ್ಲಿ ಆ ಸಾಲಿನ ಮುಂದೆ "ತಪ್ಪು" ಅಂತಲೂ ಇಲ್ಲ, "ಆದೇಶ" ಅಂತಲೂ ಇಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಅದೂ ಪ್ರಾಮಾಣಿಕವಾಗಿಯೇ ಇದೆ ಅನ್ನಿಸಿತು.

ಎರಡನೆಯ ಜಗಳ ದೊಡ್ಡದು. ರಾಜ್ಯದ 7ನೇ ವೇತನ ಆಯೋಗ. ಸುಧಾಕರ್ ರಾವ್ ಅವರ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು, ಸರ್ಕಾರ 2024ರ ಆಗಸ್ಟ್ 1ರಿಂದ ಜಾರಿ ಮಾಡಿತು. ಕಾಗದದ ಮೇಲೆ ಮಾತ್ರ 2022ರ ಜುಲೈ 1ರಿಂದ. 31 ಪರ್ಸೆಂಟ್ ತುಟ್ಟಿಭತ್ಯೆಯನ್ನು ಮೂಲ ವೇತನಕ್ಕೆ ಸೇರಿಸಿ, ಮೇಲೆ 27.5 ಪರ್ಸೆಂಟ್ ಕೊಟ್ಟರು. ನಡುವಿನ ಆ 25 ತಿಂಗಳಲ್ಲಿ ನಿವೃತ್ತರಾದವರ ಗತಿ ಏನು? ತಿಂಗಳ ಪೆನ್ಶನ್ ಹೊಸ ಲೆಕ್ಕಕ್ಕೆ ಬಂತು, 2024ರ ಆಗಸ್ಟ್‌ನಿಂದ. ಆದರೆ ಗ್ರಾಚ್ಯುಟಿ, ಪೆನ್ಶನ್ ಪರಿವರ್ತನೆ, ಗಳಿಕೆ ರಜೆ ನಗದೀಕರಣ ಮೂರೂ 6ನೇ ಆಯೋಗದ ಹಳೇ ವೇತನದ ಮೇಲೆ. ನಾವು ಒಂದೇ ಸಲ ದೊಡ್ಡ ಮೊತ್ತ ಕಾಣುವುದೇ ಆ ಮೂರರಲ್ಲಿ. ಮಗಳ ಮದುವೆ, ಮನೆ ಸಾಲ ಎಲ್ಲಾ ಅದರ ಮೇಲೇ ನಿಂತಿರುತ್ತದೆ.

ಅಂಗಡಿಯವರು ನನ್ನ ಹಾಳೆಯಲ್ಲಿ ಇದನ್ನು ಬಿಡಿಸಿದ್ದು ಹೀಗೆ. ಹಳೇ ಮೂಲ ವೇತನ 48,900, ಪೆನ್ಶನ್ 24,450. ಹೊಸ ಲೆಕ್ಕದಲ್ಲಿ ಮೂಲ ವೇತನ 77,500ರ ಸ್ವಲ್ಪ ಮೇಲೆ, ಪೆನ್ಶನ್ 38,750ರ ಹತ್ತಿರ. ಪರಿವರ್ತನೆ ಅಂದರೆ ಪೆನ್ಶನ್‌ನ ಮೂರನೇ ಒಂದು ಭಾಗವನ್ನು ಸರ್ಕಾರಕ್ಕೆ ಮಾರಿ ಮುಂಗಡ ಹಣ ತೆಗೆದುಕೊಳ್ಳುವುದು. 15 ವರ್ಷ ಆದ ಮೇಲೆ ಆ ಭಾಗ ಮತ್ತೆ ನಮಗೆ ಬರುತ್ತದೆ. ಹಳೇ ಪೆನ್ಶನ್‌ನ ಮೂರನೇ ಒಂದು 8,150. ಹೊಸದರ ಮೂರನೇ ಒಂದು 12,900ರ ಮೇಲೆ. ಈ ಲೆಕ್ಕಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ, ಬರೀ ಮೂಲ ಪೆನ್ಶನ್ ಮಾತ್ರ. ತುಟ್ಟಿಭತ್ಯೆ ಮೂಲ ವೇತನದೊಳಗೆ ಕರಗಿದ ಮೇಲೆ ನಿವೃತ್ತರಾದವರಿಗೂ ಕರಗುವ ಮೊದಲು ನಿವೃತ್ತರಾದವರಿಗೂ ಪರಿವರ್ತನೆ ಒಂದರಲ್ಲೇ ಇಷ್ಟು ವ್ಯತ್ಯಾಸ ಬರುವುದು ಅದಕ್ಕೇ. ನನ್ನದರಲ್ಲಿ ಐದು ಲಕ್ಷದ ಆಸುಪಾಸು. ಗ್ರಾಚ್ಯುಟಿ, ರಜೆಯದ್ದು ಅದರ ಮೇಲೆ.

ಮೂರನೇ ಕಾಲಂನಲ್ಲಿ: "ಆದೇಶ".

ನನಗೆ ಕೋಪ ಬಂತು, ಅವರ ಮೇಲಲ್ಲ. 2024ರ ಆಗಸ್ಟ್ 31ಕ್ಕೆ ನಿವೃತ್ತರಾದ, ನನ್ನಷ್ಟೇ ಸೇವೆ, ನನ್ನದೇ ಸ್ಕೇಲಿನ ಕಾರ್ಯದರ್ಶಿಗೆ ಪೂರ್ತಿ ಹೊಸ ಲೆಕ್ಕ. ಆಯೋಗ ನನಗೂ 2022ರಿಂದಲೇ ಹೊಸ ವೇತನ ಅಂತ ಕಾಗದದಲ್ಲಿ ಒಪ್ಪಿದೆ. ಪೆನ್ಶನ್‌ಗೆ ಒಪ್ಪುವ ವೇತನ ಗ್ರಾಚ್ಯುಟಿಗೆ ಯಾಕೆ ಒಪ್ಪುವುದಿಲ್ಲ? ಇದನ್ನೇ ಕೇಳುತ್ತಾ ನಿವೃತ್ತರು ಫ್ರೀಡಂ ಪಾರ್ಕಿನಲ್ಲಿ ಕೂತರು. 6ನೇ ಆಯೋಗದಲ್ಲೂ ಇದೇ ಆಗಿತ್ತು. 2017ರ ಜುಲೈಯಿಂದ ಕಾಗದದಲ್ಲಿ, 2018ರ ಏಪ್ರಿಲ್‌ನಿಂದ ಕೈಗೆ. ಆಗ ನಡುವೆ ಸಿಕ್ಕವರು ಒಂಬತ್ತು ತಿಂಗಳಿನವರು, ಕಡಿಮೆ ಜನ, ಕೂಗು ಕೇಳಿಸಲಿಲ್ಲ.

ಇಲ್ಲಿಂದ ಬೈಗುಳ ಶುರು. "ಆದೇಶ" ಅಂತ ಬರೆದು ಪೆನ್ಸಿಲ್ ಕೆಳಗಿಟ್ಟ ತಕ್ಷಣ ಈ ಮನುಷ್ಯ ಡ್ರಾಯರ್‌ನಿಂದ ಇನ್ನೊಂದು ಫೈಲು ತೆಗೆಯುತ್ತಾರೆ. ಅದರಲ್ಲಿ ವಕಾಲತ್ತು ಫಾರಂ. ಯಾರೋ ವಕೀಲರು ಗುಂಪಾಗಿ ಕೇಸ್ ಹಾಕುತ್ತಿದ್ದಾರಂತೆ, ತಲೆಗೆ 3,000. ಯಾವ ಕೋರ್ಟು? "ಕೆಎಟಿನೋ ಹೈಕೋರ್ಟೋ, ಅವರು ನೋಡ್ಕೋತಾರೆ." (ಕೆಎಟಿ ಅಂದರೆ ಸರ್ಕಾರಿ ನೌಕರರ ಕೇಸು ನೋಡುವ ಆಡಳಿತ ನ್ಯಾಯಮಂಡಳಿ.) ಎಷ್ಟು ಜನ ಆಗಿದ್ದಾರೆ? "ಆಗ್ತಾ ಇದೆ." ರಸೀದಿ? ಇಲ್ಲ. ಇಷ್ಟು ಹೊತ್ತು ಪೈಸೆ ಪೈಸೆಗೆ ಆಧಾರ ತೋರಿಸಿದವರು ಈಗ ಸಂತೆಯಲ್ಲಿ ನಿಂತವರ ಹಾಗೆ ಮಾತಾಡುತ್ತಾರೆ. ನಾನು ಸಹಿ ಹಾಕಲಿಲ್ಲ. ಹಾಕಿದ ಇಬ್ಬರು ಗೆಳತಿಯರಿಗೆ ಇವತ್ತಿಗೂ ಕೇಸಿನ ನಂಬರ್ ಗೊತ್ತಿಲ್ಲ. ಕೇಸ್ ಹಾಕುವುದು ತಪ್ಪಲ್ಲ. ಸಂಘದ ಮೂಲಕ ಹಾಕಿ, ಇಲ್ಲವೇ ನೇರ ವಕೀಲರನ್ನು ಕಂಡು ಮಾತಾಡಿ. ಲೆಕ್ಕದ ಅಂಗಡಿಯಲ್ಲಿ ವಕಾಲತ್ತಿಗೆ ಸಹಿ ಹಾಕಬೇಡಿ, ಅಷ್ಟೇ.

ಇನ್ನೊಂದು ದೂರು: ಬಾಕಿ ಹಣ ಬಂದರೆ ಅದರಲ್ಲಿ ಪರ್ಸೆಂಟೇಜ್ ಕೇಳುವ ಚಾಳಿ. ನನ್ನ ಹತ್ತಿರ ಕೇಳಲಿಲ್ಲ. ಕುಟುಂಬ ಪೆನ್ಶನ್‌ಗೆ ಬಂದಿದ್ದ ಒಬ್ಬ ಹೆಂಗಸಿನ ಹತ್ತಿರ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಗಂಡ ಹೋಗಿ ವರ್ಷವಾಗಿಲ್ಲ, ಸೊಸೆಯ ಜೊತೆ ಬಂದಿದ್ದರು. ದರ ಗೊತ್ತಿರುವವರಿಗೆ ಒಂದು, ಗೊತ್ತಿಲ್ಲದವರಿಗೆ ಇನ್ನೊಂದು. ಮೂರು ನಕ್ಷತ್ರ ಕೊಡುವವಳು ಇದಕ್ಕಾಗಿಯೇ ಒಂದನ್ನು ಕಿತ್ತುಕೊಳ್ಳುತ್ತಿದ್ದೇನೆ. ಹೋದ ಕೂಡಲೇ ದರ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಆದರೆ ಅದೇ ಮನುಷ್ಯ ಇನ್ನೊಬ್ಬರಿಗೆ ಒಂದು ರೂಪಾಯಿ ತೆಗೆದುಕೊಳ್ಳದೆ ಅರ್ಧ ಗಂಟೆ ಕೂರಿಸಿ ಹೇಳಿದ್ದೂ ಉಂಟು. ಅವರು ಮೊದಲು ಪಂಚಾಯಿತಿ ಬಿಲ್ ಕಲೆಕ್ಟರ್, ಆಮೇಲೆ ಗ್ರೇಡ್-2 ಕಾರ್ಯದರ್ಶಿಯಾದವರು. ಕಾರ್ಯದರ್ಶಿಯಾದದ್ದು 2006ರ ಏಪ್ರಿಲ್ 1ರ ನಂತರ. ಅಂದರೆ ಎನ್‌ಪಿಎಸ್ ಅನ್ನುವ ಹೊಸ ಪೆನ್ಶನ್ ಯೋಜನೆ, ಹಳೇ ಪೆನ್ಶನ್ ಇಲ್ಲ. ಬಿಲ್ ಕಲೆಕ್ಟರ್ ಆಗಿ ಮನೆಮನೆ ಅಲೆದ ವರ್ಷಗಳು ಪಂಚಾಯಿತಿಯ ಸ್ವಂತ ನೌಕರಿ, ಸರ್ಕಾರಿ ಸೇವೆಯಲ್ಲ ಅಂತ ಲೆಕ್ಕಕ್ಕೇ ಬರಲಿಲ್ಲ. 2024ರ ಜನವರಿಯಲ್ಲಿ ಹಳೇ ಪೆನ್ಶನ್ ಕೊಟ್ಟ ಆದೇಶ ತನಗೂ ಬರುತ್ತದಾ ಅಂತ ಕೇಳಲು ಬಂದಿದ್ದರು. ಆ ಆದೇಶ 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿ, ತಡವಾಗಿ ಕೆಲಸಕ್ಕೆ ಸೇರಿದವರಿಗೆ. ಇವರಿಗೆ ಬರುವುದಿಲ್ಲ. ಅದನ್ನು ನಿಧಾನವಾಗಿ, ಕಾಗದ ತೋರಿಸಿ ಹೇಳಿದರು. ಕೇಳಿದವರು ಟೀ ತರಿಸಿಕೊಟ್ಟು ಹೋದರು.

ವಸೂಲಿ ನೋಟಿಸ್ ಬಂದವರಿಗಂತೂ ಈ ಅಂಗಡಿ ಬಹಳ ಉಪಯೋಗ. ನನ್ನ ಜೊತೆಯವರೊಬ್ಬರಿಗೆ, ಕಾಲಮಿತಿ ಬಡ್ತಿಯಲ್ಲಿ ಹಿಂದೆ ಯಾವಾಗಲೋ ವೇತನ ಜಾಸ್ತಿ ನಿಗದಿಯಾಗಿದೆ, ಗ್ರಾಚ್ಯುಟಿಯಲ್ಲಿ ಹಿಡಿಯುತ್ತೇವೆ ಅಂತ ಕಚೇರಿಯಿಂದ ನೋಟಿಸ್ ಬಂತು. ಅಂಗಡಿಯವರು ಮೊದಲು ಕೇಳಿದ್ದು, "ವೇತನ ನಿಗದಿ ಮಾಡುವಾಗ ಜಾಸ್ತಿ ಬಂದರೆ ವಾಪಸ್ ಕೊಡ್ತೀನಿ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದೀರಾ?" ಬರೆದುಕೊಟ್ಟಿರಲಿಲ್ಲ. ಆಮೇಲೆ 2014ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ತೆಗೆದರು, ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣ. ಸಿ ಮತ್ತು ಡಿ ದರ್ಜೆಯವರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕಿಂತ ಹೆಚ್ಚು ಕಾಲ ಜಾಸ್ತಿ ಪಾವತಿ ನಡೆದುಬಂದಿದ್ದರೆ ಅವರಿಂದ ವಸೂಲಿ ಮಾಡುವಂತಿಲ್ಲ ಅಂತ ಅದರಲ್ಲಿದೆ. ಮುಚ್ಚಳಿಕೆ ಬರೆದುಕೊಟ್ಟವರ ವಿಷಯ ಬೇರೆ, 2016ರಲ್ಲಿ ಅದೇ ಕೋರ್ಟ್ ಅಂಥ ಒಬ್ಬ ಅಧಿಕಾರಿಯಿಂದ ವಸೂಲಿಗೆ ಒಪ್ಪಿದೆ. ಅದಕ್ಕೇ ಮೊದಲು ಆ ಪ್ರಶ್ನೆ. ಒಂದು ಪುಟದ ಉತ್ತರ, 200 ರೂಪಾಯಿ. ನೋಟಿಸ್ ಕೈಬಿಟ್ಟರು.

ಗಮನಿಸಿ, ಇದು ಸಂಬಳ ಜಾಸ್ತಿ ಬಂದಿದ್ದಕ್ಕೆ ಮಾತ್ರ. ನಮ್ಮ ಪಂಚಾಯಿತಿಯವರ ದೊಡ್ಡ ರೋಗ ಆಡಿಟ್ ಆಕ್ಷೇಪಣೆ. ಯಾವುದೋ ವರ್ಷದ ಓಚರ್ ಇಲ್ಲ, ಪೈಪ್ ಖರೀದಿಗೆ ಕೊಟೇಶನ್ ಇಲ್ಲ, ಅದಕ್ಕೆ ಬಾಕಿಯಿಲ್ಲ ಅನ್ನುವ ಬೇಬಾಕಿ ಪತ್ರ ಕೊಡುವುದಿಲ್ಲ ಅಂತ ನಿಲ್ಲಿಸಿಬಿಡುತ್ತಾರೆ. ಅದಕ್ಕೆ ಈ ಅಂಗಡಿಯಲ್ಲಿ ಮದ್ದಿಲ್ಲ, ಅವರೇ ಹೇಳುತ್ತಾರೆ. ಓಚರ್ ಹುಡುಕಿ, ಇಲ್ಲವೇ ಕೆಲಸ ಮಾಡಿದ ಪಂಚಾಯಿತಿಗಳಿಗೆ ಅಲೆಯಿರಿ.

ಉಳಿದ ಸಣ್ಣಪುಟ್ಟ. ಟೈಪಿಂಗ್ ನುಡಿ ತಂತ್ರಾಂಶದಲ್ಲಿ. ಫೈಲನ್ನು ವಾಟ್ಸಾಪಿಗೆ ಹಾಕಿಸಿಕೊಂಡರೆ ಮನೆಯಲ್ಲಿ ತೆರೆದಾಗ ಗೊಜ್ಜು ಕಾಣುತ್ತದೆ. ಪಿಡಿಎಫ್ ಮಾಡಿಸಿಕೊಳ್ಳಿ, ಇಲ್ಲವೇ ಪ್ರಿಂಟ್ ತನ್ನಿ. ಪೆನ್ಸಿಲ್ ಹಾಳೆಯನ್ನು ಅಲ್ಲೇ ಜೆರಾಕ್ಸ್ ಮಾಡಿಸಿ, ಕೆಲವು ತಿಂಗಳಿಗೆ ಅಳಿಸಿಹೋಗುತ್ತದೆ. ಹೇಳಿದ ದಿನಕ್ಕೆ ಕೊಡುವುದಿಲ್ಲ, ಎರಡು ದಿನ ಸೇರಿಸಿಕೊಳ್ಳಿ. ಫೋನ್‌ಪೇ ಇದೆ. ಕೂರಲು ಎರಡೇ ಕುರ್ಚಿ, ಮಂಡಿ ನೋವಿನವರು ಬೆಳಗ್ಗೆ ಹತ್ತೂವರೆಗೇ ಹೋಗಿ.

ನವೆಂಬರ್‌ನಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಜೀವನ ಪ್ರಮಾಣಪತ್ರಕ್ಕೆ ಊರಿನ ಅಷ್ಟೂ ಪೆನ್ಶನ್‌ದಾರರು ಆ ಸಾಲಿನಲ್ಲೇ ನಿಂತಿರುತ್ತಾರೆ, ಬೆರಳಚ್ಚು ಹಿಡಿಯದ ಯಂತ್ರಕ್ಕೆ ಶಾಪ ಹಾಕುತ್ತಾ. ಆ ಪತ್ರವನ್ನು ಈಗ ಮನೆಯಲ್ಲೇ ಮೊಬೈಲಿಗೆ ಮುಖ ತೋರಿಸಿ ಕೊಡಬಹುದು. ಅದಕ್ಕೂ ಈ ಅಂಗಡಿಯವರು 100 ರೂಪಾಯಿ ತೆಗೆದುಕೊಳ್ಳುತ್ತಾರೆ. ಮೊಮ್ಮಕ್ಕಳಿಗೆ ಹೇಳಿ, ಪುಕ್ಕಟೆ ಮಾಡಿಕೊಡುತ್ತಾರೆ.